ಒಂದು ಅಂಕ ಕಡಿಮೆ

ಸಾಂತಾ ಕ್ರೂಸ್
ಜೂನ್ 14, 2009

ಕೊಮಾದ್ರೆ ಸೆನೋಬಿಯಾ,

ಬಸ್ಸಿನವನು ಕೊಟ್ಟ ಪೊಟ್ಟಣದಲ್ಲಿ ಮೇಲಿರುವುದು ನನ್ನ ಅಮ್ಮ ಸುಟ್ಟ ಕುನ್ಯಾಪೆ ರೊಟ್ಟಿ. ಅದು ನಿನ್ನ ಮಗಳಿಗೆ, ಚರ್ಚಿನಲ್ಲಿ ನಾನು ಎತ್ತಿ ಹಿಡಿದು ದೀಕ್ಷಾಸ್ನಾನ ಮಾಡಿಸಿದ, ನಮ್ಮಿಬ್ಬರನ್ನು ಕೊಂಪಾದ್ರೆ ಕೊಮಾದ್ರೆ ಆಗಿಸಿದ ಆ ಪುಟಾಣಿಗೆ. ಕೆಳಗಿರುವ ಕಾಗದದ ಕಟ್ಟು ನಿನಗೆ. ಅದಲುಬದಲು ಮಾಡಬೇಡ. ಕಾಲೇಜಿನ ಕಾಲದಿಂದ ನಿನ್ನ ಹಸಿವು ನನಗೆ ಗೊತ್ತು.

ಇಲ್ಲಿ ದಕ್ಷಿಣದ ಚಳಿಗಾಳಿ ಶುರುವಾದಾಗಿನಿಂದ ಹೊಸ ಫ್ಲೂ ನಮ್ಮ ವಾರ್ಡನ್ನು ತುಂಬಿಬಿಟ್ಟಿದೆ. ನಿನ್ನ ಬೆಟ್ಟಕ್ಕೂ ಹತ್ತಿ ಬರುತ್ತದೆ, ಅನುಮಾನ ಬೇಡ. ಹೆಚ್ಚಿನವರಿಗೆ ಮೂಗು ಸೋರಿ, ಮೈಕೈ ನೋಯಿಸಿ ಬಿಟ್ಟುಹೋಗುತ್ತದೆ. ಕೆಲವರಿಗೆ ಎದೆಗೆ ಇಳಿದು ನ್ಯುಮೋನಿಯಾ ಆಗುತ್ತದೆ. ಅವರಲ್ಲೂ ಬಹಳ ಜನ ಆಕ್ಸಿಜನ್ ಕೊಟ್ಟರೆ ಎದ್ದು ಮನೆಗೆ ನಡೆಯುತ್ತಾರೆ. ಕೆಲವರು ಮಾತ್ರ ಇವತ್ತು ನರ್ಸಿನ ಜೊತೆ ಹರಟೆ ಹೊಡೆದು ನಾಡಿದ್ದು ವೆಂಟಿಲೇಟರ್ ಮೇಲೆ ಇರುತ್ತಾರೆ. ಆ ಕೆಲವರು ಯಾರು ಎಂದು ಇವತ್ತೇ ಗೊತ್ತಾದರೆ ಸಾಕು, ಮಿಕ್ಕಿದ್ದನ್ನು ನಾವು ನೋಡಿಕೊಳ್ಳಬಹುದು.

ಅದನ್ನು ಹೇಳುವ ಲೆಕ್ಕ ಕಟ್ಟಿದ್ದೇನೆ, ಕಟ್ಟಿನ ಮೇಲಿನ ಹಾಳೆ ಅದೇ. ಐದೇ ಪ್ರಶ್ನೆ, ಒಂದೊಂದಕ್ಕೆ ಒಂದು ಅಂಕ. ವಯಸ್ಸು ಅರವತ್ತೈದು ದಾಟಿದೆಯೇ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಕ್ಸಿಜನ್ ತೊಂಬತ್ತಕ್ಕಿಂತ ಕಡಿಮೆಯೇ. ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಉಸಿರೇ. ಬುದ್ಧಿ ತಡವರಿಸುತ್ತಿದೆಯೇ. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆಯೇ. ಮೂರು ಅಂಕ ಬಂದರೆ ಕಣ್ಣಿಟ್ಟಿರು. ನಾಲ್ಕು ಬಂದರೆ ಕಾಯಬೇಡ, ಐಸಿಯು ಇರುವ ಊರಿಗೆ ಕಳಿಸು. ನಮ್ಮಲ್ಲಿ ಈ ಲೆಕ್ಕ ಇನ್ನೂ ಸುಳ್ಳಾಗಿಲ್ಲ. ನಿನ್ನ ಹತ್ತಿರ ಇರುವುದು ಒಂದೇ ಆಂಬುಲೆನ್ಸ್, ಲಾ ಪಾಸಿನ ಐಸಿಯು ಮೂರು ಗಂಟೆ ದೂರ. ನನಗಿಂತ ನಿನಗೇ ಇದು ಹೆಚ್ಚು ಬೇಕು. ಉಪಯೋಗಿಸು, ಆಮೇಲೆ ಹೊಗಳು.

ಫೋನ್ ಮಾಡೋಣ ಅಂದುಕೊಂಡೆ. ಫೋನಿನಲ್ಲಿ ನಾವು ಜಗಳ ಆಡುತ್ತೇವೆ, ಕಾಗದದಲ್ಲಾದರೆ ಬರೀ ಬೈದುಕೊಳ್ಳುತ್ತೇವೆ. ಇದೇ ವಾಸಿ.

ನಿನ್ನ ಕೊಂಪಾದ್ರೆ,
ಎರ್ಲಾನ್


ಹಾಚಪಾಂಪ
ಜೂನ್ 22

ಕೊಂಪಾದ್ರೆ ಎರ್ಲಾನ್,

ನಿನ್ನ ಲೆಕ್ಕ ಬಹಳ ಚೆನ್ನಾಗಿದೆ. ಅದರ ಪ್ರಕಾರ ನಮ್ಮ ಆಸ್ಪತ್ರೆಯ ಅಡುಗೆಯವಳಿಗೆ, ಪಾದ್ರಿಗಳಿಗೆ, ಫುಟ್‌ಬಾಲ್ ತಂಡದ ಹನ್ನೊಂದೂ ಹುಡುಗರಿಗೆ ಮತ್ತು ನನಗೆ ಆಕ್ಸಿಜನ್ ಸಾಲದು. ಊರಿಗೆ ಊರೇ ಲಾ ಪಾಸಿಗೆ ಹೋಗಬೇಕು. ಕುರಿ ಕಾಯಲು ನೀನು ಬರುತ್ತೀಯಾ?

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿನಗೆ ನಿನ್ನ ಹಾಳೆ. ಮಾರಾಯ, ಇಲ್ಲಿ ಗಾಳಿ ತೆಳು. ಎಂಬತ್ತೆಂಟು ಇಲ್ಲಿ ಗಟ್ಟಿಮುಟ್ಟಾದ ಆಳಿನ ಲಕ್ಷಣ. ಅದನ್ನು ಊಹೆಯಿಂದ ಹೇಳಬಾರದು ಅಂತ ಯಂತ್ರ ಹಿಡಿದು ಗುರುವಾರದ ಸಂತೆಯ ಬಾಗಿಲಲ್ಲಿ ನಿಂತೆ. ಒಳಗೆ ಹೋಗುವವರೆಲ್ಲರ ಬೆರಳು ನೋಡಿದೆ. ಆಲೂಗಡ್ಡೆ ಮಾರುವ ದೋನ್ಯಾ ಕಾಸಿಲ್ದಾ ಕೈ ಚಾಚಿ ಹೇಳಿದಳು, "ಕೋಕಾ ಎಲೆ ನೋಡಿ ಭವಿಷ್ಯ ಹೇಳೋರ ಹೊಟ್ಟೆ ಮೇಲೆ ಹೊಡೀತಿದೀರಂತಲ್ಲ, ದೊತೋರಾ. ನನ್ನ ಗಂಡ ಗಣಿಯಿಂದ ಯಾವಾಗ ಬರ್ತಾನೆ, ಅದನ್ನೂ ನೋಡಿ ಹೇಳಿ." ಎಂಬತ್ತೇಳು ಇದೆ, ಗಂಡ ಇಲ್ಲದಿದ್ದರೂ ಬದುಕುತ್ತೀಯ ಅಂದೆ. ಸಂತೆಯೆಲ್ಲ ನಕ್ಕಿತು.

ಹಾಗಾಗಿ ತೊಂಬತ್ತನ್ನು ಹೊಡೆದು ಎಂಬತ್ತು ಮಾಡಿದ್ದೇನೆ. ನಿನ್ನ ಐದನೇ ಪ್ರಶ್ನೆಯನ್ನೂ ಹೊಡೆದುಹಾಕುತ್ತೇನೆ. ಕೇಳಿ ಪ್ರಯೋಜನವಿಲ್ಲ. ನಡೆದರೆ ಉಸಿರು ಕಟ್ಟುತ್ತಾ ಅಂತ ಯಾರನ್ನು ಕೇಳಿದರೂ ಇಲ್ಲ ಅಂತಾರೆ, ಕೆಲವರು ಮುಖ ಬೇರೆ ಗಂಟಿಕ್ಕುತ್ತಾರೆ. ಅದು ಬೆಟ್ಟಕ್ಕೆ ಬಂದ ಹೊರಗಿನವರ ಕಾಯಿಲೆ. ನನ್ನ ಮಗಳ ದೀಕ್ಷಾಸ್ನಾನದ ದಿನ ಚರ್ಚಿನ ಮೆಟ್ಟಿಲ ಮೇಲೆ ಕುಸಿದು ಕೂತವರು ಯಾರು ಅಂತ ಅಪ್ಪ ಇವತ್ತಿಗೂ ಸಂತೆಯಲ್ಲಿ ಅಭಿನಯ ಮಾಡಿ ತೋರಿಸುತ್ತಾರೆ. ನಿನ್ನಂಥ ಬಯಲಿನ ಕಾಂಬಾಗಳಿಗೆ ಉಸಿರು ಕಟ್ಟುತ್ತದೆ. ಬೆಟ್ಟದ ಕೋಲ್ಯರಿಗೆ ಕಟ್ಟುವುದಿಲ್ಲ.

ಫ್ಲೂ ಇನ್ನೂ ಬಂದಿಲ್ಲ. ಬರಲಿ, ನಾನು ತಯಾರಿದ್ದೇನೆ. ಕುನ್ಯಾಪೆ ಮುಗಿಯಿತು. ಮಗಳಿಗೆ ಎರಡು ಸಿಕ್ಕಿತು.

ಸೆನೋಬಿಯಾ


ಸಾಂತಾ ಕ್ರೂಸ್
ಜುಲೈ 1

ಕೊಮಾದ್ರೆ,

ಎಂಬತ್ತು ಒಪ್ಪಿದೆ. ನಿನ್ನ ಸಂತೆಯ ಅಂಕಿಗಳನ್ನು ನಮ್ಮ ದೊಡ್ಡ ಡಾಕ್ಟರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮಲ್ಲಿ ಅದು ಪದಕ ಸಿಕ್ಕ ಹಾಗೆ.

ಐದನೇ ಪ್ರಶ್ನೆಯನ್ನು ಮಾತ್ರ ಮುಟ್ಟಬೇಡ. ಇಲ್ಲಿ ಎಷ್ಟೋ ಜನರ ವಿಷಯ ಬೇರೆ ಯಾವುದಕ್ಕಿಂತ ಮೊದಲು ಅದೇ ಹೇಳಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಜನ ಉತ್ತರ ಹೇಳದಿದ್ದರೆ ತಪ್ಪು ಪ್ರಶ್ನೆಯದ್ದಲ್ಲ, ಕೇಳುವ ರೀತಿಯದ್ದು. ರೋಗಿ ಹೇಳದಿದ್ದರೆ ಪಕ್ಕದಲ್ಲಿರುವವನನ್ನು ಕೇಳು. ನನ್ನ ಗೊರಕೆ ವಿಷಯ ನನಗೆ ಗೊತ್ತಿಲ್ಲ, ನನ್ನ ಹೆಂಡತಿಗೆ ಗೊತ್ತು.

ಕೋಲ್ಯರಿಗೆ ಉಸಿರು ಕಟ್ಟುವುದಿಲ್ಲ ಅನ್ನುವುದನ್ನು ವೈದ್ಯೆಯಾಗಿ ಬರೆದೆಯೋ, ನಿನ್ನ ಅಪ್ಪನ ಮಗಳಾಗಿ ಬರೆದೆಯೋ? ಸುಮ್ಮನೆ ಕೇಳಿದೆ. ನಿನ್ನ ಅಪ್ಪ ದೋನ್ ಎಲಿಯೋದೋರೋಗೆ ನನ್ನ ನಮಸ್ಕಾರ ಹೇಳು. ಆ ಮೆಟ್ಟಿಲು ಜಾಸ್ತಿ ಕಡಿದಾಗಿತ್ತು ಅಂತಲೂ ಹೇಳು.

ಎರ್ಲಾನ್


ಹಾಚಪಾಂಪ
ಜುಲೈ 14

ಕೊಂಪಾದ್ರೆ,

ಬಂತು. ಸಾನ್ ಹುವಾನ್ ಹಬ್ಬದ ಬೆಂಕಿ ಸುತ್ತ ಊರೆಲ್ಲ ಒಟ್ಟಿಗೆ ಕೂತಿದ್ದೇ ಸಾಕಾಯಿತು ಅಂತ ಕಾಣುತ್ತದೆ, ವಾರ ಕಳೆಯುವುದರಲ್ಲಿ ಹಾಸಿಗೆಗಳು ತುಂಬಿದವು. ನಿನ್ನ ಹಾಳೆ, ಅಂದರೆ ಈಗ ನಮ್ಮ ಹಾಳೆ, ಕೆಲಸ ಮಾಡುತ್ತಿದೆ. ಶಾಲೆಯ ನಿವೃತ್ತ ಟೀಚರಮ್ಮನಿಗೆ ನಾಲ್ಕು ಬಂತು, ನೀನು ಉಳಿಸಿದ ಐದನೆಯದೂ ಸೇರಿ. ನೋಡಿದರೆ ಏನೂ ಆಗಿಲ್ಲದವಳ ಹಾಗೆ ಕೂತಿದ್ದಳು. ಅವಳ ಗಂಡ ನನ್ನ ಜೊತೆ ಜಗಳಕ್ಕೇ ಬಂದ. ಆದರೂ ಕಳಿಸಿದೆ. ಮಾರನೇ ದಿನ ಲಾ ಪಾಸಿನಲ್ಲಿ ಟ್ಯೂಬ್ ಹಾಕಿದರು. ಬದುಕಿದ್ದಾಳೆ, ಬದುಕುತ್ತಾಳೆ. ಉಣ್ಣೆ ವ್ಯಾಪಾರಿಗೆ ಎರಡು ಬಂತು, ಇಟ್ಟುಕೊಂಡೆ, ಎದ್ದು ಮನೆಗೆ ಹೋದ. ಇಷ್ಟು ವರ್ಷ ಮುಖ ನೋಡಿ, ಎದೆ ಕೇಳಿ, ದೇವರ ಮೇಲೆ ಭಾರ ಹಾಕುತ್ತಿದ್ದೆ. ಈಗ ಅಂಕ ಕೂಡಿ ಕಳಿಸುತ್ತೇನೆ. ನಿನ್ನನ್ನು ಹೊಗಳಬೇಕು ಅಂದೆಯಲ್ಲ, ಇದೋ ಹೊಗಳಿದೆ. ಮತ್ತೆ ಕೇಳಬೇಡ.

ಐದನೇ ಹಾಸಿಗೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಎಪ್ಪತ್ತೊಂದು ವರ್ಷ. ಅವರ ವಿಷಯ ನಿನಗೆ ಹೇಳಲೇಬೇಕು. ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ ಮಚ್ಚೆ, ಆದರೂ ಮಲಗುವ ಮಾತಿಲ್ಲ. ಇದೇ ಇಪ್ಪತ್ತೈದಕ್ಕೆ ಸಾಂತಿಯಾಗೋ ಹಬ್ಬ, ಅವರು ಸಿಕು ಊದುವ ಮೇಳದ ಮುಂದಾಳು. ಸಿಕು ಅಂದರೆ ಒಬ್ಬನ ಕೆಲಸವಲ್ಲ ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ. ಕೊಳವೆಗಳನ್ನು ಇಬ್ಬರು ಹಂಚಿಕೊಂಡು, ಒಂದು ಸ್ವರ ಇವನು, ಮುಂದಿನ ಸ್ವರ ಅವನು, ಹೀಗೆ ಊದಿದರೆ ಒಂದು ಹಾಡು. ಇವರ ಜೊತೆಗಾರ ದೋನ್ ಸತುರ್ನೀನೋ ದಿನಾ ಮಧ್ಯಾಹ್ನ ಬಿಸಿಲಿಗೆ ಆಸ್ಪತ್ರೆ ಅಂಗಳಕ್ಕೆ ಬರುತ್ತಾರೆ. ಇವರು ಕಂಬಳಿ ಹೊದ್ದು ಹೊರಗೆ ಹೋಗುತ್ತಾರೆ. ಇಬ್ಬರೂ ಗೋಡೆಗೆ ಒರಗಿ ತಾಲೀಮು. ಸೋಂಕು ಹರಡುತ್ತೆ ಅಂತ ಬೈದು ಓಡಿಸಿದೆ. ದೋನ್ ಸತುರ್ನೀನೋ ಗೋಡೆಯ ಆಚೆ ನಿಂತು ಊದಿದರು, ಇವರು ಈಚೆ.

ನಿನ್ನ ಅಂಕದ ಲೆಕ್ಕ ಕೇಳಿ ಅಜ್ಜನಿಗೆ ಭಾರಿ ಖುಷಿ. ಒಂದೊಂದು ಪ್ರಶ್ನೆಯನ್ನೂ ಬಿಡಿಸಿ ಕೇಳಿದರು. "ಫುಟ್‌ಬಾಲ್ ಇದ್ದ ಹಾಗಿದೆ. ಸೋತವನು ಲಾ ಪಾಸಿಗೆ, ಅಲ್ವಾ?" ಅಂದರು. ಉಸಿರು ಕಟ್ಟುತ್ತಾ ಅಂದರೆ ಗಹಗಹಿಸಿ ನಕ್ಕರು. ಆಕ್ಸಿಜನ್ ಎಂಬತ್ತನಾಲ್ಕು. ಉಸಿರು ಮಾತ್ರ ಸ್ವಲ್ಪ ಜೋರು, ಅದಕ್ಕೆ ಒಂದು ಅಂಕ. ಒಂದೇ ಅಂಕ. ಹಬ್ಬದ ಹೊತ್ತಿಗೆ ಎದ್ದು ನಿಲ್ಲುತ್ತಾರೆ, ನೋಡುತ್ತಿರು.

ಸೆನೋಬಿಯಾ


ಸಾಂತಾ ಕ್ರೂಸ್
ಜುಲೈ 18

ಕೊಮಾದ್ರೆ,

ಟೀಚರಮ್ಮನ ಸುದ್ದಿ ಓದಿ ನಮ್ಮ ವಾರ್ಡಿನವರಿಗೆಲ್ಲ ಕಾಫಿ ಕೊಡಿಸಿದೆ.

ಈಗ ಒಂದು ಮಾತು. ನಿನ್ನ ಅಜ್ಜನಿಗೆ ಎಪ್ಪತ್ತೊಂದು ಅಂತ ನೀನೇ ಬರೆದಿದ್ದೀಯ. ಅರವತ್ತೈದು ದಾಟಿದರೆ ಒಂದು ಅಂಕ, ಅದು ಮೊದಲನೇ ಪ್ರಶ್ನೆ. ಅಲ್ಲಿಗೆ ಎರಡಾಯಿತು. ಕೂಡುವ ಲೆಕ್ಕದಲ್ಲಿ ಕಾಲೇಜಿಗೇ ಮೊದಲು ಬಂದವಳು ನೀನು, ಮರೆತೆಯಾ? ಟೀಚರಮ್ಮನಿಗೆ ನಾಲ್ಕು ಸಾಲು ಬರೆದು ಇವರಿಗೆ ಅರ್ಧ ಪುಟ ಬರೆದಿದ್ದೀಯ. ಯಾರಿವರು, ಊರಿನ ಮೇಯರಾ?

ಯಾರಾದರೂ ಸರಿ, ದಿನಕ್ಕೆ ಮೂರು ಸಲ ಯಂತ್ರ ಹಾಕಿ ನೋಡು. ಈ ಕಾಯಿಲೆ ಎರಡನೇ ವಾರದಲ್ಲಿ ತಿರುಗಿ ಬೀಳುತ್ತದೆ. ಗೋಡೆಯ ಆಚೆ ಊದುವ ಆ ಸ್ನೇಹಿತನನ್ನು ಕರೆದು ಕೇಳು, ಅವನಿಗೆ ಎಲ್ಲ ಗೊತ್ತಿರುತ್ತದೆ.

ಎರ್ಲಾನ್


ಸಾಂತಾ ಕ್ರೂಸ್
ಜುಲೈ 22

ಸೆನೋಬಿಯಾ,

ಬಸ್ಸು ಬಂತು, ನಿನ್ನ ಕಾಗದ ಬರಲಿಲ್ಲ. ನಿನ್ನ ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವಳು "ದೊತೋರಾ ಸೋಮವಾರವೇ ಆಂಬುಲೆನ್ಸಲ್ಲಿ ಇಳಿದು ಹೋದ್ರು" ಅಂದಳು. ಡಾಕ್ಟರಾಗಿ ಹೋದಳೋ ರೋಗಿಯಾಗಿ ಹೋದಳೋ ಅಂತ ಕೇಳುವ ಮುಂಚೆ ಲೈನು ಹೋಯಿತು.

ನಿನಗೇನೂ ಆಗಿಲ್ಲ ಅಂದುಕೊಳ್ಳುತ್ತೇನೆ. ನಿನ್ನ ಹಿಂದಿನ ಕಾಗದವನ್ನು ಮತ್ತೆ ಓದಿದೆ. ಎಲ್ಲರಿಗೂ ಹೆಸರೋ ಕಸುಬೋ ಇದೆ, ಮೇಳದ ಮುಂದಾಳಿಗೆ ಮಾತ್ರ ಹೆಸರಿಲ್ಲ. ಹಾಚಪಾಂಪದ ಮೇಳದ ಮುಂದಾಳು ಯಾರು ಅಂತ ನನಗೆ ನೆನಪಿದೆ ಮಾರಾಯ್ತಿ. ದೀಕ್ಷಾಸ್ನಾನದ ದಿನ ನನ್ನ ಬೆನ್ನು ಸವರಿ, "ಉಸಿರಾಡು ಮಗನೇ, ಗಾಳಿಗೆ ಇಲ್ಲಿ ದುಡ್ಡು ಕೇಳಲ್ಲ" ಅಂದವರು ಅವರೇ.

ಐದನೇ ಹಾಸಿಗೆ ದೋನ್ ಎಲಿಯೋದೋರೋ ಅಲ್ಲವಾ? ಎಲ್ಲಿದ್ದರೂ ಫೋನ್ ಮಾಡು. ಜಗಳ ಆಡುವುದಿಲ್ಲ.

ಎರ್ಲಾನ್


ಲಾ ಪಾಸ್
ಜುಲೈ 24

ಕೊಂಪಾದ್ರೆ,

ಈ ಕಾಗದ ಜೇಬಿನಲ್ಲಿಟ್ಟುಕೊಂಡು ನಿನ್ನ ಮುಂದೆ ಮಲಗಿರುವವರು ನನ್ನ ಅಪ್ಪ. ನಿನ್ನೆ ಫೋನಿನಲ್ಲಿ ನಾನು ಅರ್ಧ ಹೇಳುವುದರೊಳಗೆ ನೀನು "ಕಳಿಸು, ಮಾತು ಬೇಡ" ಅಂದೆ. ಮಿಕ್ಕ ಅರ್ಧ ಇಲ್ಲಿದೆ.

ಹೌದು, ಐದನೇ ಹಾಸಿಗೆ ಅವರದೇ. ಅಪ್ಪ ಅಂತ ಬರೆದಿದ್ದರೆ ನೀನು ಮೊದಲ ದಿನವೇ ಕೆಳಗೆ ಕಳಿಸು ಅನ್ನುತ್ತಿದ್ದೆ. ಹಬ್ಬದ ಮುಂಚೆ ಅವರನ್ನು ಊರು ಬಿಡಿಸುವ ಧೈರ್ಯ ನನಗಿರಲಿಲ್ಲ. ವಯಸ್ಸಿನ ಅಂಕ ನಾನು ಮರೆಯಲಿಲ್ಲ, ಬಿಟ್ಟೆ. ಬೇರೆ ಯಾರಿಗೂ ಹಾಗೆ ಬಿಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಆಕ್ಸಿಜನ್ ಎಪ್ಪತ್ತೆಂಟಕ್ಕೆ ಇಳಿದಿತ್ತು. ಆಗ ಎಲ್ಲ ಅಂಕವನ್ನೂ ನ್ಯಾಯವಾಗಿ ಹಾಕಿದೆ. ವಯಸ್ಸಿಗೆ ಒಂದು, ಆಕ್ಸಿಜನ್ನಿಗೆ ಒಂದು, ಉಸಿರಿನ ವೇಗಕ್ಕೆ ಒಂದು. ಮೂರು. ನಾಲ್ಕಾಗುವ ತನಕ ಕಾಯಲಿಲ್ಲ, ಆಂಬುಲೆನ್ಸ್ ಹೊರಡಿಸಿದೆ. ದೋನ್ ಸತುರ್ನೀನೋ ತಾವೂ ಬರುತ್ತೇನೆ ಅಂತ ಹತ್ತಿ ಕೂತರು. ಜೊತೆಗೆ ಯಾರಾದರೂ ಇರಲಿ ಅಂತ ನಾನೂ ಬೇಡ ಅನ್ನಲಿಲ್ಲ. ದಾರಿಯುದ್ದಕ್ಕೂ ಅಪ್ಪನ ಬೆರಳೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತವರ ಕಡೆ ತಿರುಗಿಯೂ ನೋಡಲಿಲ್ಲ.

ಇಲ್ಲಿ ಆಂಬುಲೆನ್ಸಿನಿಂದ ಇಳಿದವರೇ ದೋನ್ ಸತುರ್ನೀನೋ ಗಾಡಿಯ ಚಕ್ರಕ್ಕೆ ಒರಗಿ ಕೂತುಬಿಟ್ಟರು. ತುಟಿ ನೇರಳೆ. ಬೆರಳಿಗೆ ಯಂತ್ರ ಹಾಕಿದೆ, ಎಪ್ಪತ್ತೊಂದು. ಅವರಿಗೂ ಬಂದಿತ್ತು. ಎಷ್ಟು ದಿನದಿಂದಲೋ ಜ್ವರ ಮೈಮೇಲೆ ಹೊತ್ತುಕೊಂಡೇ ಗೋಡೆ ಆಚೆ ನಿಂತು ಊದಿದ್ದರು.

ಐಸಿಯು ಡಾಕ್ಟರ್ ಹೊರಗೆ ಬಂದು ಹೇಳಿದರು, "ಒಂದೇ ಮಂಚ ಇದೆ. ಇಬ್ಬರೂ ನಿಮ್ಮ ರೋಗಿಗಳು, ಹಾಳೆನೂ ನಿಮ್ಮದೇ. ಯಾರು ಅಂತ ನೀವೇ ಹೇಳಿ."

ದೋನ್ ಸತುರ್ನೀನೋಗೂ ಎಪ್ಪತ್ತರ ಹತ್ತಿರ. ವಯಸ್ಸು, ಆಕ್ಸಿಜನ್, ಉಸಿರು, ಅವರಿಗೂ ಮೂರೇ. ಬುದ್ಧಿ ಇಬ್ಬರದೂ ನೆಟ್ಟಗಿತ್ತು. ಉಳಿದದ್ದು ನಾನು ಹೊಡೆದುಹಾಕಲು ಹೊರಟಿದ್ದ ಆ ಐದನೇ ಪ್ರಶ್ನೆ.

"ಅಪ್ಪಾ, ನಿಜ ಹೇಳಿ. ನಡೆದರೆ ಉಸಿರು ಕಟ್ಟುತ್ತಾ?"

"ನನಗಾ? ನಾನೇನು ಸಾಂತಾ ಕ್ರೂಸಿನವನಾ?"

"ದೋನ್ ಸತುರ್ನೀನೋ, ನಿಮಗೆ?"

ಅವರು ಇಲ್ಲ ಅಂತ ತಲೆ ಅಲ್ಲಾಡಿಸಿದರು. ಆಗ ಅಪ್ಪ ಸ್ಟ್ರೆಚರ್ ಮೇಲೆ ಮೊಣಕೈ ಊರಿ ಎದ್ದರು. "ಸುಳ್ಳು ಹೇಳ್ತಿದಾನೆ, ಸೆನೋ. ತಾಲೀಮು ಶುರುವಾದಾಗಿಂದ ಅವನ ಸ್ವರಾನೂ ನಾನೇ ಊದ್ತಿದೀನಿ. ಅವನು ಕೊಳವೆ ಬಾಯಿಗಿಟ್ಕೊಂಡು ಸುಮ್ನೆ ತಲೆ ತೂಗ್ತಾನೆ. ದಿಣ್ಣೆ ಹತ್ತುವಾಗ ಚಪ್ಪಲಿ ಸರಿ ಮಾಡೋ ನೆಪದಲ್ಲಿ ಕೂತ್ಕೋತಾನೆ. ಬರ್ಕೋ."

ನಮ್ಮೂರಲ್ಲಿ ಜೊತೆಗಾರನ ಉಸಿರಿನ ಗುಟ್ಟು ಬಿಟ್ಟುಕೊಡುವುದು ಅಂದರೆ ಅವನ ಮಾನ ಬೀದಿಗೆ ಹಾಕಿದ ಹಾಗೆ. ದೋನ್ ಸತುರ್ನೀನೋಗೆ ಮಾತಾಡಲು ಉಸಿರಿರಲಿಲ್ಲ. ಕೈ ಎತ್ತಿ ಅಪ್ಪನ ಕಡೆ ಬೆರಳು ತೋರಿಸಿದರು, ಇಳಿಸಿದರು, ಮತ್ತೆ ತೋರಿಸಿದರು. ಪಾಪ, ಎಷ್ಟು ಕೋಪ ಬಂದಿರಬೇಕು ಅಂದುಕೊಂಡೆ.

ನಾಲ್ಕು ಮತ್ತು ಮೂರು. ನಾನು ದೋನ್ ಸತುರ್ನೀನೋ ಹೆಸರು ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಅಪ್ಪ ನನ್ನ ಕೈ ತಟ್ಟಿ "ಸರಿಯಾಗಿ ಕೂಡಿದೆ" ಅಂದು ಕಣ್ಣು ಮುಚ್ಚಿಕೊಂಡರು.

ಅವತ್ತಿಂದ ಅಪ್ಪ ಸಾಮಾನ್ಯ ವಾರ್ಡಿನಲ್ಲಿದ್ದಾರೆ. ಆಕ್ಸಿಜನ್ ಕೊಟ್ಟರೂ ದಿನಕ್ಕೆ ಒಂದೊಂದು ಇಳಿಯುತ್ತಿದೆ, ಮಂಚ ಖಾಲಿಯಾಗಿಲ್ಲ. ನಾನು ಮಾಡಿದ್ದು ಸರಿ ಅಂತ ನನಗೆ ಗೊತ್ತು. ಗೊತ್ತಿದ್ದೂ ರಾತ್ರಿಯೆಲ್ಲ ಅದೇ ಅಂಕಗಳನ್ನು ಮತ್ತೆ ಮತ್ತೆ ಕೂಡುತ್ತೇನೆ. ಬೇರೆಯವರ ಗಂಡನಿಗೆ ನನ್ನ ಅಪ್ಪನ ಮಂಚ ಕೊಟ್ಟೆ, ಎರ್ಲಾನ್. ಕೊಟ್ಟದ್ದು ನಿನ್ನ ಹಾಳೆ ನಂಬಿ.

ಅವರಿಗೆ ಈಗ ಬೇಕಾದ್ದು ದಪ್ಪ ಗಾಳಿ, ಅದು ನಿನ್ನ ಊರಲ್ಲಿದೆ. ವಾಯುಪಡೆಯವರು ರೋಗಿಗಳ ವಿಮಾನದಲ್ಲಿ ಜಾಗ ಕೊಟ್ಟಿದ್ದಾರೆ. ನನ್ನ ಗಂಡ ಹಿಲಾರಿಯೋನ್ ಸಿಲಿಂಡರ್ ಹಿಡಿದು ಜೊತೆಗೆ ಬರುತ್ತಾರೆ. ನಾನು ಬರುವುದಿಲ್ಲ. ಹಾಚಪಾಂಪದಲ್ಲಿ ಹಾಸಿಗೆಗಳು ತುಂಬಿವೆ, ಡಾಕ್ಟರ್ ಅಂತ ಇರುವುದು ನಾನೊಬ್ಬಳೇ, ನರ್ಸುಗಳ ಮೇಲೆ ಬಿಟ್ಟು ನಾಲ್ಕು ದಿನವಾಯಿತು. ನಾಳೆ ಹಬ್ಬ. ಮೇಳ ಮುಂದಾಳಿಲ್ಲದೆ ಹೊರಡುತ್ತದೆ.

ಅವರು ನಿನ್ನನ್ನು ಅಣಕಿಸಿದರೆ ಸಹಿಸಿಕೋ. ಅಣಕಿಸದೇ ಇದ್ದರೆ ನನಗೆ ತಕ್ಷಣ ಫೋನ್ ಮಾಡು.

ಸೆನೋಬಿಯಾ


ಸಾಂತಾ ಕ್ರೂಸ್
ಆಗಸ್ಟ್ 5

ಕೊಮಾದ್ರೆ,

ಅಣಕಿಸಿದರು. ವಿಮಾನದ ಬಾಗಿಲು ತೆರೆದದ್ದೇ ತಡ, ಬಿಸಿಗಾಳಿ ತಾಗಿ, ಮುಖವಾಡದ ಒಳಗಿಂದಲೇ "ಯಾರಪ್ಪ ಒಲೆ ಮೇಲೆ ಊರು ಕಟ್ಟಿದ್ದು?" ಅಂದರು. ನಾನು ಅಲ್ಲೇ ನಿಂತು ಯಂತ್ರ ಹಾಕಿದೆ, ತೊಂಬತ್ತೊಂದು. ನಾನೇನೂ ಮಾಡಿರಲಿಲ್ಲ, ನೆಲಕ್ಕೆ ಇಳಿದಿದ್ದರು ಅಷ್ಟೇ. ಹಿಲಾರಿಯೋನ್ ಅಳುತ್ತಿದ್ದ, ನಾನೂ ಸ್ವಲ್ಪ.

ಮಿಕ್ಕಿದ್ದನ್ನು ಫೋನಿನಲ್ಲಿ ಚೂರುಚೂರಾಗಿ ಹೇಳಿದ್ದೇನೆ. ಐಸಿಯುನಲ್ಲಿ ಬಿಗಿ ಮಾಸ್ಕ್ ಹಾಕಿ ಇಟ್ಟೆವು, ಟ್ಯೂಬ್ ಬೇಕಾಗಲಿಲ್ಲ. ಈಗ ವಾರ್ಡಿನಲ್ಲಿದ್ದಾರೆ, ಕಾರಿಡಾರ್ ತುಂಬ ನಡೆಯುತ್ತಾರೆ. ಮರಗೆಣಸು ಕೊಟ್ಟರೆ ತಟ್ಟೆ ತಳ್ಳುತ್ತಾರೆ. ಒಣಗಿಸಿದ ಆಲೂಗಡ್ಡೆ ಹುಡುಕಿಕೊಂಡು ನಾನು ನಿಮ್ಮ ಕಡೆಯವರ ಸಂತೆಗೆ ಹೋಗಬೇಕಾಯಿತು. ಯಾರಿಗೆ ಅಂತ ಕೇಳಿದ ಅಂಗಡಿಯವಳು ಮಾರನೇ ದಿನ ಪಾತ್ರೆ ಹೊತ್ತುಕೊಂಡು ಆಸ್ಪತ್ರೆಗೇ ಬಂದಳು. ಈಗ ಅವರ ಮಂಚದ ಸುತ್ತ ದಿನಾ ನಾಲ್ಕು ಜನ ಕೋಲ್ಯ ಹೆಂಗಸರು. ನಮ್ಮ ನರ್ಸುಗಳು ಒಳಗೆ ಹೋಗಲು ಅಪ್ಪಣೆ ಕೇಳುತ್ತಾರೆ. ಗೆದ್ದರು, ಸೆನೋಬಿಯಾ. ಇನ್ನು ಎರಡು ವಾರ ಇಲ್ಲೇ ಇರಲಿ, ಶ್ವಾಸಕೋಶ ಗಟ್ಟಿಯಾದ ಮೇಲೆ ಬೆಟ್ಟ ಹತ್ತಲಿ.

ಈಗ ಕಾಗದದಲ್ಲೇ ಹೇಳಬೇಕಾದ ಮಾತು. ನಿನ್ನೆ ಮಧ್ಯಾಹ್ನ ಹೆಂಗಸರೆಲ್ಲ ಹೋದ ಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಆ ಐದನೇ ಪ್ರಶ್ನೆಗೆ ನಾನು ಇಲ್ಲ ಅಂದಿದ್ದೆ," ಅಂದರು.

"ಗೊತ್ತು, ದೋನ್ ಎಲಿಯೋದೋರೋ. ನಾನೇನು ಸಾಂತಾ ಕ್ರೂಸಿನವನಾ ಅಂತ ಬೇರೆ ಕೇಳಿದಿರಂತೆ."

"ಹೌದು ಅನ್ನಬೇಕಿತ್ತು. ತಾಲೀಮು ಶುರುವಾದಾಗಿಂದ ಎದೆಯಲ್ಲಿ ಗಾಳಿ ನಿಲ್ತಿರಲಿಲ್ಲ. ನಾನು ಸತುರ್ನೀನೋಗೆ, ನಮ್ಮ ಸಾತುಕೋಗೆ ಊದ್ತಿದ್ದೆ, ನಿಜ. ಸಾತುಕೋನೂ ನನಗೆ ಊದ್ತಿದ್ದ. ಯಾರಿಗೆ ಉಸಿರು ಸಿಕ್ಕಿದ್ರೆ ಅವರು ಊದೋದು. ಆ ಬಾಗಿಲಲ್ಲಿ ಅವನು ನನ್ನ ಕಡೆ ಬೆರಳು ತೋರಿಸಿದ ನೋಡು, ನಾನು ಹೆದರಿಬಿಟ್ಟೆ. ಸೆನೋಗೆ ಅರ್ಥ ಆಗಿಬಿಟ್ರೆ ಏನು ಗತಿ ಅಂತ."

"ಹೇಳಿದ್ದರೆ ನಿಮಗೂ ನಾಲ್ಕು ಬರುತ್ತಿತ್ತು."

"ಅದಕ್ಕೇ ಹೇಳಲಿಲ್ಲ. ನಾಲ್ಕು ನಾಲ್ಕು ಸಮ. ಸಮ ಆದ್ರೆ ಫುಟ್‌ಬಾಲಲ್ಲಿ ಪೆನಾಲ್ಟಿ ಒದೀತಾರೆ. ಅಲ್ಲಿ ಏನು ಮಾಡೋದು? ಅವಳೇ ಆರಿಸಬೇಕು. ಅವಳು ನನ್ನನ್ನೇ ಆರಿಸ್ತಿದ್ದಳು, ನನಗೆ ಗೊತ್ತು. ಸಾತುಕೋ ಸತ್ತಿದ್ರೆ ಅವನ ಹೆಂಡತಿ ಎದುರು ಸಂತೇಲಿ ಹೆಂಗೆ ಓಡಾಡ್ತಿದ್ದಳು? ಆ ಊರಲ್ಲಿ ಯಾರು ಇವಳ ಕೈಗೆ ಬೆರಳು ಕೊಡ್ತಿದ್ರು?" ಆಮೇಲೆ ನನ್ನ ತೊಡೆ ತಟ್ಟಿ, "ಸೆನೋಗೆ ಹೇಳಬೇಡ. ನಿನ್ನಂಥವನ ಹತ್ತಿರ ಉಸಿರು ಕಟ್ಟಿತ್ತು ಅಂದ್ರೆ ನಾಚಿಕೆ ಇಲ್ಲ. ಅವಳ ಹತ್ತಿರ ಇದೆ," ಅಂದರು.

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ರಾತ್ರಿ ಕಳೆಯುವುದರೊಳಗೆ ಮುರಿಯುತ್ತಿದ್ದೇನೆ. ಹಾಳೆ ಸರಿಯಾಗಿ ಹೇಳಿತು ಅಂತ ನಂಬಿಕೊಂಡು ನೀನು ನಾಳೆ ಇನ್ನೊಬ್ಬರಿಗೆ ಅದನ್ನು ಹಿಡಿಯುತ್ತೀಯ. ಅವತ್ತು ಅದು ಸರಿ ಹೇಳಲಿಲ್ಲ. ನಿನಗೆ ತಿಳಿದಿರಬೇಕು.

ಎರ್ಲಾನ್


ಹಾಚಪಾಂಪ
ಆಗಸ್ಟ್ 11

ಕೊಂಪಾದ್ರೆ,

ಮೊದಲು ಕೆಲಸದ ಮಾತು. ಲಾ ಪಾಸಿನಿಂದ ಹಿಂತಿರುಗಿದ ಮೇಲೆ ಐದನೇ ಪ್ರಶ್ನೆಯನ್ನು ನಾನು ರೋಗಿಗೆ ಕೇಳುತ್ತಿಲ್ಲ. ಅವರ ಜೊತೆ ದುಡಿಯುವವರನ್ನು ಬೇರೆಯಾಗಿ ಕರೆದು, ಈಚೆಗೆ ಇವರ ಕೆಲಸದಲ್ಲಿ ನೀವು ಏನೇನು ಮಾಡಿಕೊಡುತ್ತಿದ್ದೀರಿ ಅಂತ ಕೇಳುತ್ತೇನೆ. ಎಲ್ಲರೂ ಹೇಳುತ್ತಾರೆ, ಸಂತೋಷವಾಗಿ ಹೇಳುತ್ತಾರೆ. ದೋನ್ಯಾ ಕಾಸಿಲ್ದಾಳ ಮೂಟೆಯನ್ನು ಹದಿನೈದು ದಿನದಿಂದ ನಾದಿನಿ ಹೊರುತ್ತಿದ್ದಳಂತೆ. ಮೂರು ಇದ್ದದ್ದು ನಾಲ್ಕಾಯಿತು, ಅವತ್ತೇ ಕಳಿಸಿದೆ. ಬದುಕಿ ಉಳಿದಳು. ಹೇಳಲು ಬಂದವರ ಬೆರಳಿಗೂ ಯಂತ್ರ ಹಾಕಿಯೇ ಬಿಡುತ್ತೇನೆ. ಇದನ್ನು ನಿನ್ನ ದೊಡ್ಡ ಡಾಕ್ಟರಿಗೆ ತೋರಿಸು, ಕನ್ನಡಕ ಒರೆಸಲಿ.

ದೋನ್ ಸತುರ್ನೀನೋಗೆ ಟ್ಯೂಬ್ ತೆಗೆದು ವಾರವಾಯಿತು. ಲಾ ಪಾಸಿಗೆ ಹೋಗಿ ನೋಡಿ ಬಂದೆ. ಅವತ್ತು ಯಾಕೆ ಬೆರಳು ತೋರಿಸಿದಿರಿ ಅಂತ ಕೇಳಿದೆ. ಧ್ವನಿ ಇನ್ನೂ ಬಂದಿಲ್ಲ. ನನ್ನ ಅಂಗೈ ತೆಗೆದುಕೊಂಡು ಅದರ ಮೇಲೆ ತಮ್ಮ ಬೆರಳಿನಿಂದ ಒಂದು ಗೀಟು ಎಳೆದರು. ಅವತ್ತು ನಾನು ಹಾಕದೆ ಬಿಟ್ಟ ಅಪ್ಪನ ಅಂಕ. ಅವರ ಹೆಂಡತಿ ನನ್ನನ್ನು ತಬ್ಬಿಕೊಂಡು ಊಟ ಮಾಡಿಸಿ ಕಳಿಸಿದಳು.

ನಿನ್ನ ಕಾಗದವನ್ನು ಔಷಧಿ ಕೋಣೆಯಲ್ಲಿ ನಿಂತು ಓದಿದೆ. ಅಪ್ಪ ಹೇಳಿದ್ದು ನಿಜ. ಸಮ ಬಂದಿದ್ದರೆ ನಾನು ಅವರನ್ನೇ ಆರಿಸುತ್ತಿದ್ದೆ, ಒಂದು ಗಳಿಗೆಯೂ ಯೋಚಿಸುತ್ತಿರಲಿಲ್ಲ. ಕಾಯಿಲೆಯವನು ಏನಾಗುತ್ತಾನೆ ಅಂತ ಮುಂಚೆ ಹೇಳಲು ನಾವು ಇಷ್ಟೆಲ್ಲ ಒದ್ದಾಡುತ್ತೇವೆ. ನಾನು ಏನು ಮಾಡುತ್ತೇನೆ ಅಂತ ಅವರು ಜ್ವರದಲ್ಲಿ ಮಲಗಿಕೊಂಡೇ ಲೆಕ್ಕ ಹಾಕಿದರು. ತಮ್ಮ ಪ್ರಾಣ ಅದರ ಮೇಲೆ ಇಟ್ಟರು. ನನಗೆ ಅಪ್ಪನ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು.

ಅವರನ್ನು ಬೇಗ ಗುಣ ಮಾಡಿ ಕಳಿಸು. ನೀನು ನನಗೆ ಹೇಳಿದ್ದು ಅವರಿಗೆ ತಿಳಿಯದ ಹಾಗೆ ನೋಡಿಕೋ, ಹಿಲಾರಿಯೋನ್‌ಗೂ ಹೇಳಬೇಡ. ನಾನೂ ಬಾಯಿ ಬಿಡುವುದಿಲ್ಲ. ಮಗಳಿಗೆ ಏನೂ ಗೊತ್ತಿಲ್ಲ ಅಂದುಕೊಂಡೇ ಅಪ್ಪ ಮನೆಗೆ ಬರಲಿ.

ಸೆನೋಬಿಯಾ